ಬೀಗ ಹಾಕಿದ ಎರಡನೇ ಬಾಗಿಲು

ಕೋಲ್ಕತ್ತದ ಢಾಕುರಿಯಾದಲ್ಲಿದ್ದ ಎಎಂಆರ್‌ಐ ಆಸ್ಪತ್ರೆಯ ನೆಲಮಾಳಿಗೆ ಮಂಜೂರಾದ ನಕ್ಷೆಯ ಪ್ರಕಾರ ಕಾರು ನಿಲ್ಲಿಸುವ ಜಾಗ. ಆದರೆ ಅಲ್ಲಿ ಕಾರುಗಳ ಬದಲು ಬೇಗ ಹೊತ್ತಿಕೊಳ್ಳುವ ಸಾಮಾನುಗಳನ್ನು ಒಟ್ಟಿದ್ದರು. ಅಗ್ನಿಶಾಮಕ ಇಲಾಖೆ ಅದನ್ನು ನೋಡಿತ್ತು, ತೆರವು ಮಾಡಿ ಎಂದಿತ್ತು. ಆಸ್ಪತ್ರೆಯೂ ಮಾಡುತ್ತೇವೆಂದು ಒಪ್ಪಿಕೊಂಡಿತ್ತು. ಹಾಗೆ ಒಪ್ಪಿಕೊಂಡು ಕೆಲವೇ ತಿಂಗಳಾಗಿತ್ತು. 2011ರ ಡಿಸೆಂಬರ್ 9ರ ನಸುಕಿನಲ್ಲಿ, ಊರೆಲ್ಲ ಮಲಗಿದ್ದ ಹೊತ್ತಿನಲ್ಲಿ, ಆ ನೆಲಮಾಳಿಗೆಗೆ ಬೆಂಕಿ ಬಿತ್ತು. ಮೇಲಿನ ವಾರ್ಡುಗಳನ್ನು ಮುಟ್ಟಿದ್ದು ಬೆಂಕಿಗಿಂತ ಹೆಚ್ಚಾಗಿ ಹೊಗೆ. ಏಸಿ ಗಾಳಿ ಹರಿಯುವ ಕೊಳವೆಗಳನ್ನು ಹಿಡಿದು ಅದು ಮಹಡಿಯಿಂದ ಮಹಡಿಗೆ ಏರಿತು. ಕಟ್ಟಡದ ಮುಖಕ್ಕೆ ಹೊದಿಸಿದ್ದ ಗಾಜು ತೆರೆಯುವಂಥದ್ದಾಗಿರಲಿಲ್ಲ, ಹಾಗಾಗಿ ಒಳಗೆ ತುಂಬಿದ ಹೊಗೆ ಒಳಗೇ ಉಳಿಯಿತು. ಸುಮಾರು 90 ಜನ ಸತ್ತರು. ಬಹುಪಾಲು ಜನ ಸುಟ್ಟು ಸತ್ತವರಲ್ಲ, ಉಸಿರುಗಟ್ಟಿ ಸತ್ತವರು. ಪಕ್ಕದ ಕೊಳೆಗೇರಿಯ ಹುಡುಗರು ಒಳನುಗ್ಗಿ ಕೈಗೆ ಸಿಕ್ಕ ರೋಗಿಗಳನ್ನು ಹೊತ್ತು ತಂದರು. ಕೇರಳದಿಂದ ಕೆಲಸಕ್ಕೆ ಬಂದಿದ್ದ ಇಬ್ಬರು ಎಳೆಯ ನರ್ಸ್‌ಗಳು ತಮ್ಮ ವಾರ್ಡಿನ ಎಂಟು ಮಂದಿಯನ್ನು ಉಳಿಸಿ, ಒಂಬತ್ತನೆಯವರಿಗಾಗಿ ಹೋದವರು ಮರಳಲಿಲ್ಲ.

ಈ ದುರಂತವನ್ನು ನೆನೆಯುವಾಗ ನನ್ನನ್ನು ಕಾಡುವುದು ಬೆಂಕಿಗಿಂತ ಹೆಚ್ಚಾಗಿ ಆ ಒಪ್ಪಿಗೆಯ ಮಾತು. ನಿಯಮ ಇತ್ತು, ನಿಯಮ ಮುರಿದದ್ದನ್ನು ಕಂಡವರಿದ್ದರು, ಕಂಡದ್ದನ್ನು ತಿಳಿಸಿಯೂ ಇದ್ದರು. ಯಾರಿಗೂ ಗೊತ್ತಿರಲಿಲ್ಲ ಎಂದು ಹೇಳುವ ಹಾಗೆಯೇ ಇರಲಿಲ್ಲ. ಕಂಡದ್ದಕ್ಕೂ ಸರಿಪಡಿಸುವುದಕ್ಕೂ ನಡುವೆ ಇರಬೇಕಾದ ಕೊಂಡಿ ಮಾತ್ರ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ನಮ್ಮ ದೇಶದ ಆಸ್ಪತ್ರೆಗಳಲ್ಲಿ ಆದ ಬೆಂಕಿ ಅನಾಹುತಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಮತ್ತೆ ಮತ್ತೆ ಕಾಣುವುದು ಇದೇ ತುಂಡಾದ ಕೊಂಡಿ. ಪ್ರತಿ ಸಲವೂ ಮರುದಿನದ ಪತ್ರಿಕೆಯಲ್ಲಿ ಶಾರ್ಟ್ ಸರ್ಕ್ಯೂಟ್ ಎಂಬ ಎರಡು ಪದ ಬರುತ್ತವೆ, ಅಲ್ಲಿಗೆ ವಿಚಾರಣೆ ಮುಗಿದಂತೆ ಜನ ಸುಮ್ಮನಾಗುತ್ತಾರೆ. ಆದರೆ ಶಾರ್ಟ್ ಸರ್ಕ್ಯೂಟ್ ಬೆಂಕಿ ಹತ್ತಿದ್ದಕ್ಕೆ ಕಾರಣವಾಗಬಹುದೇ ಹೊರತು ಜನ ಸತ್ತಿದ್ದಕ್ಕೆ ಅಲ್ಲ. ಎರಡನ್ನೂ ಬೇರೆ ಮಾಡಿ ನೋಡದಿದ್ದರೆ ಈ ವಿಷಯ ಅರ್ಥವೇ ಆಗುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘದ ಲೆಕ್ಕದ ಪ್ರಕಾರ 2011ರಿಂದ 2015ರವರೆಗೆ ಆ ದೇಶದ ಆಸ್ಪತ್ರೆ, ನರ್ಸಿಂಗ್ ಹೋಮ್, ಕ್ಲಿನಿಕ್ಕುಗಳಲ್ಲಿ ವರ್ಷಕ್ಕೆ ಸರಾಸರಿ 5,750 ಬಾರಿ ಬೆಂಕಿ ಹತ್ತಿತು. ಸತ್ತವರು ವರ್ಷಕ್ಕೆ ಸರಾಸರಿ 2 ಮಂದಿ. ಅಲ್ಲಿನ ತಂತಿಗಳೂ ಸುಡುತ್ತವೆ, ಅಲ್ಲಿನ ಅಡುಗೆಮನೆಗಳಲ್ಲೂ ಎಣ್ಣೆ ಹೊತ್ತಿಕೊಳ್ಳುತ್ತದೆ. ಹತ್ತಿದ ಬೆಂಕಿ ರೋಗಿಯ ಹಾಸಿಗೆಯವರೆಗೆ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಆಸ್ಪತ್ರೆಯಲ್ಲಿ ಬೆಂಕಿ ಹತ್ತುವ ಸಂಭವ ಹೆಚ್ಚು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಸುಮಾರು ನೂರಕ್ಕೆ 21 ಭಾಗ. ತೀವ್ರ ನಿಗಾ ಘಟಕದಲ್ಲಿ ಹಲವು ರೋಗಿಗಳಿಗೆ ಒಟ್ಟಿಗೆ ಆಮ್ಲಜನಕ ಕೊಡುವಾಗ ಮುಖವಾಡದ ಅಂಚಿನಿಂದ, ಸಡಿಲಾದ ಕೊಳವೆಯಿಂದ ಒಂದಷ್ಟು ಹೊರಗೆ ಸೋರುತ್ತದೆ. ಕಿಟಕಿ ಮುಚ್ಚಿದ, ಏಸಿ ಓಡುತ್ತಿರುವ ಕೋಣೆಯಲ್ಲಿ ಅದು ಹೊರಗೆ ಹೋಗುವ ದಾರಿ ಕಡಿಮೆ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ, ಆದರೆ ಉರಿಯುವುದನ್ನು ಮತ್ತಷ್ಟು ರಭಸವಾಗಿ ಉರಿಸುತ್ತದೆ. ಸಾಮಾನ್ಯ ಗಾಳಿಯಲ್ಲಿ ಹೊಗೆಯಾಡಿ ಆರಿಹೋಗುವ ಕಿಡಿ ಅಲ್ಲಿ ಜ್ವಾಲೆಯಾಗುತ್ತದೆ. ಅದಕ್ಕೆ ಕೈ ತೊಳೆಯುವ ಸ್ಪಿರಿಟ್, ಪ್ಲಾಸ್ಟಿಕ್ ಕೊಳವೆ, ಫೋಮ್ ಹಾಸಿಗೆ, ಪರದೆ ಸೇರಿಸಿ. ವೆಂಟಿಲೇಟರ್, ಮಾನಿಟರ್, ಸಿರಿಂಜ್ ಪಂಪ್, ಹಸುಗೂಸುಗಳ ವಾರ್ಮರ್, ಏಸಿ ಎಲ್ಲವೂ ಹಗಲಿರುಳು ಓಡುತ್ತವೆ. ಮನೆಯಲ್ಲಾದರೆ ಏಸಿಗೆ ಬಿಡುವು ಸಿಗುತ್ತದೆ, ಐಸಿಯು ಏಸಿಗೆ ಸಿಗುವುದಿಲ್ಲ. ನಾಲ್ಕು ಯಂತ್ರಕ್ಕೆಂದು ಎಳೆದ ವೈರಿಗೆ ಎಂಟು ಯಂತ್ರ ಸಿಕ್ಕಿಸಿದಾಗ ಗೋಡೆಯೊಳಗೆ, ಫಾಲ್ಸ್ ಸೀಲಿಂಗಿನ ಮೇಲೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ತಂತಿ ಬಿಸಿಯಾಗುತ್ತ ಹೋಗುತ್ತದೆ.

ಆಮೇಲಿನ ಕೆಲಸ ಹೊಗೆಯದು. ಅರೆಬರೆ ಉರಿದ ವಸ್ತುಗಳಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ; ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಫೋಮ್ ಹಾಸಿಗೆಯಿಂದ ಸಯನೈಡ್ ಅನಿಲವೂ ಏಳುತ್ತದೆ. ಗಟ್ಟಿಮುಟ್ಟಾದವರೂ ನಿಮಿಷಗಳಲ್ಲಿ ಕುಸಿಯುವ ಆ ಹೊಗೆಯಲ್ಲಿ ಶ್ವಾಸಕೋಶದ ಕಾಯಿಲೆಯವರ ಪಾಡು ಹೇಳಬೇಕಾಗಿಲ್ಲ. ಚಿತ್ರಮಂದಿರದಲ್ಲಿ, ಕಚೇರಿಯಲ್ಲಿ ಬೆಂಕಿ ಕಂಡರೆ ಜನ ಎದ್ದು ಓಡುತ್ತಾರೆ. ಆಸ್ಪತ್ರೆಯಲ್ಲಿ ಎದ್ದು ಓಡುವವರು ಯಾರು? ಹೊಟ್ಟೆ ಹೊಲಿದು ಎರಡು ಗಂಟೆಯಾಗದವರು, ಕಾಲಿಗೆ ತೂಕ ಕಟ್ಟಿ ಮಲಗಿಸಿದವರು, ಯಂತ್ರದ ಉಸಿರಿನಲ್ಲಿ ಬದುಕಿರುವವರು, ಹುಟ್ಟಿ ಮೂರು ದಿನವಾದ ಕೂಸು. ಎಲ್ಲರೂ ಹೊರಗೆ ಓಡಿ ಎಂಬ ಸೂತ್ರ ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಆಸ್ಪತ್ರೆಗೆಂದು ಬರೆದ ಅಗ್ನಿ ಸುರಕ್ಷತಾ ಸಂಹಿತೆಗಳ ತರ್ಕವೇ ಬೇರೆ. ಮಹಡಿಯನ್ನು ಬೆಂಕಿ ತಡೆಯುವ ಗೋಡೆ, ಬಾಗಿಲುಗಳಿಂದ ಹಲವು ಭಾಗಗಳಾಗಿ ವಿಂಗಡಿಸಬೇಕು. ಒಂದು ಭಾಗದಲ್ಲಿ ಬೆಂಕಿ ಬಿದ್ದರೆ ರೋಗಿಯನ್ನು ಮೆಟ್ಟಿಲಿಳಿಸುವ ಬದಲು ಅದೇ ಮಹಡಿಯ ಪಕ್ಕದ ಭಾಗಕ್ಕೆ, ಮಂಚ ಸಮೇತ ತಳ್ಳಿಕೊಂಡು ಹೋಗಿ ನಡುವಿನ ಬಾಗಿಲು ಮುಚ್ಚಬೇಕು. ಇಳಿಸುವುದು ಆಮೇಲಿನ ಮಾತು.

ಒಂದು ಗೋಡೆಗೆ, ಒಂದು ಮುಚ್ಚಿದ ಬಾಗಿಲಿಗೆ ಎಷ್ಟು ಬೆಲೆ ಎಂಬುದಕ್ಕೆ ಎರಡು ನಿದರ್ಶನ ಸಾಕು. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯಲ್ಲಿ 1961ರ ಡಿಸೆಂಬರ್ 8ರಂದು ಕಸ ಸುರಿಯುವ ಕೊಳವೆಯಲ್ಲಿ ಹತ್ತಿದ ಬೆಂಕಿ ಒಂಬತ್ತನೇ ಮಹಡಿಯ ಪಡಸಾಲೆಗೆ ಚಿಮ್ಮಿ 16 ಜನರನ್ನು ಕೊಂದಿತು. ಅದೇ ಪಡಸಾಲೆಯ ಕೋಣೆಗಳಲ್ಲಿ ಬಾಗಿಲು ಮುಚ್ಚಿಕೊಂಡಿದ್ದವರು ಬದುಕಿದರು. ಚಾವಣಿಗೆ, ಗೋಡೆಗೆ ಹೊದಿಸುವ ಸಾಮಗ್ರಿ ಹೇಗಿರಬೇಕು, ಕೋಣೆಯ ಬಾಗಿಲು ಎಂಥದ್ದಾಗಿರಬೇಕು ಎಂಬ ಬಗ್ಗೆ ಆ ದೇಶ ಆಮೇಲೆ ಬಿಗಿಯಾಯಿತು. ನಮ್ಮಲ್ಲಿ, 2021ರ ಜನವರಿ 9ರ ನಸುಕಿನಲ್ಲಿ ಮಹಾರಾಷ್ಟ್ರದ ಭಂಡಾರ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕದಲ್ಲಿ ಬೆಂಕಿ ಬಿದ್ದಾಗ ಒಳಗೆ 17 ಕೂಸುಗಳಿದ್ದವು. ಹತ್ತು ಸತ್ತವು, ಮೂರು ಸುಟ್ಟಗಾಯದಿಂದ, ಏಳು ಹೊಗೆಯಿಂದ. ಘಟಕದ ಇನ್ನೊಂದು ಭಾಗದಲ್ಲಿದ್ದ ಏಳು ಕೂಸುಗಳು ಉಳಿದವು. ಹೊಗೆ ಅತ್ತ ಹಬ್ಬುವ ಮೊದಲು ಅವುಗಳನ್ನು ಎತ್ತಿಕೊಳ್ಳಲು ಕೈಗಳಿಗೆ ಸಮಯ ಸಿಕ್ಕಿತ್ತು. ಅಗ್ನಿ ಸುರಕ್ಷತೆಯ ಇಡೀ ವಿದ್ಯೆ ಕೊಡುವುದು ಆ ಸಮಯವನ್ನೇ, ಹತ್ತೋ ಹದಿನೈದೋ ನಿಮಿಷ.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಗೆ ಇದು ತಿಳಿಯದ್ದಲ್ಲ. 2016ರ ಆವೃತ್ತಿಯ ನಾಲ್ಕನೇ ಭಾಗ ಪೂರ್ತಿ ಅಗ್ನಿ ಮತ್ತು ಜೀವ ಸುರಕ್ಷತೆಗೇ ಮೀಸಲು. ಆಸ್ಪತ್ರೆಯ ಮೆಟ್ಟಿಲು ಕನಿಷ್ಠ 2 ಮೀಟರ್ ಅಗಲವಿರಬೇಕೆಂದು ಅದು ಹೇಳುತ್ತದೆ. ಆ ಅಂಕಿ ಆಡಂಬರಕ್ಕಲ್ಲ. ಸ್ಟ್ರೆಚರ್ ಹಿಡಿದ ನಾಲ್ವರು ತಿರುವಿನಲ್ಲಿ ತಿರುಗಬೇಕು, ಅದೇ ಹೊತ್ತಿಗೆ ಕೆಳಗಿನಿಂದ ಅಗ್ನಿಶಾಮಕ ಸಿಬ್ಬಂದಿ ಏರಿಬರಬೇಕು. ಅಷ್ಟಕ್ಕೆ ಅಷ್ಟು ಅಗಲ ಬೇಕು. ಮಹಡಿಯ ಯಾವ ಮೂಲೆಯಿಂದಲೂ ಹೊರದಾರಿ ಸುಮಾರು 30 ಮೀಟರಿನೊಳಗೆ ಸಿಗಬೇಕು, ಮತ್ತು ದಾರಿ ಒಂದೇ ಇರಬಾರದು. ಈ ಎರಡನೇ ದಾರಿಯ ಬಗ್ಗೆ ಜನ ಹೆಚ್ಚು ಯೋಚಿಸುವುದಿಲ್ಲ. ನಾವೆಲ್ಲ ಬಂದ ಬಾಗಿಲಲ್ಲೇ ಹೋಗುವವರು. ಬೆಂಕಿ ಆ ಬಾಗಿಲ ಬಳಿಯೇ ಹತ್ತಿದರೆ? ಮಧ್ಯಪ್ರದೇಶದ ಜಬಲ್‌ಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ 2022ರ ಆಗಸ್ಟ್ 1ರಂದು ಆದದ್ದು ಹಾಗೆಯೇ. ಹೊರಹೋಗಲು ಇದ್ದದ್ದು ಒಂದೇ ದಾರಿ, ಅದನ್ನೇ ಬೆಂಕಿ ಆವರಿಸಿತು. ಎಂಟು ಜನ ಸತ್ತರು. ಆ ಆಸ್ಪತ್ರೆ ಪಡೆದಿದ್ದ ತಾತ್ಕಾಲಿಕ ಅಗ್ನಿ ನಿರಾಕ್ಷೇಪಣಾ ಪತ್ರದ ಅವಧಿಯೂ ಆಗಲೇ ಮುಗಿದಿತ್ತು.

ಸಂಹಿತೆ ಇಷ್ಟು ಸ್ಪಷ್ಟವಾಗಿದ್ದೂ ಹೀಗೇಕೆ ಎಂದರೆ, ಅದು ತಾನಾಗಿ ಕಾನೂನಲ್ಲ. ಅದೊಂದು ಶಿಫಾರಸು. ಅಗ್ನಿಶಾಮಕ ಸೇವೆ ಸಂವಿಧಾನದ 12ನೇ ಅನುಸೂಚಿಯಲ್ಲಿ ಪೌರಸಂಸ್ಥೆಗಳ ಕೆಲಸಗಳ ಸಾಲಿನಲ್ಲಿದೆ. ರಾಜ್ಯಗಳು ತಮ್ಮ ಕಾಯ್ದೆ, ತಮ್ಮ ಉಪವಿಧಿಗಳ ಮೂಲಕ ಸಂಹಿತೆಯ ಯಾವ ಭಾಗವನ್ನು ಎಷ್ಟು ಕಡ್ಡಾಯ ಮಾಡಿವೆಯೋ ಅಷ್ಟೇ ಅದಕ್ಕೆ ಬಲ. ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ಒಂದು ಮಾದರಿ ಮಸೂದೆ ಕಳುಹಿಸಿತು, ಅದೂ ಮಾದರಿಯೇ. ಕರ್ನಾಟಕದಲ್ಲಿ 1964ರ ಅಗ್ನಿಶಾಮಕ ದಳ ಕಾಯ್ದೆಯಿದೆ. ಖಾಸಗಿ ಆಸ್ಪತ್ರೆಗಳ ನೋಂದಣಿಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಿದೆ. ಸರ್ಕಾರಿ ಆಸ್ಪತ್ರೆಗಳು ಅದರ ಹೊರಗೆ. ನಕ್ಷೆ ನೋಡುವುದು ಪಾಲಿಕೆ, ವೈರಿಂಗ್ ನೋಡುವುದು ವಿದ್ಯುತ್ ಪರಿವೀಕ್ಷಣಾಲಯ, ನೀರಿನ ಕೊಳಾಯಿ ಮತ್ತು ಮೆಟ್ಟಿಲು ನೋಡುವುದು ಅಗ್ನಿಶಾಮಕ ಇಲಾಖೆ, ಹಾಸಿಗೆ ಮತ್ತು ವೈದ್ಯರ ಲೆಕ್ಕ ನೋಡುವುದು ಆರೋಗ್ಯ ಇಲಾಖೆ. ಒಬ್ಬೊಬ್ಬರೂ ತಮ್ಮ ಪಾಲಿನ ತುಂಡನ್ನು ನೋಡಿ ಸಹಿ ಹಾಕುತ್ತಾರೆ. ಹಾಸಿಗೆ ಹೆಚ್ಚಾದರೆ ಯಂತ್ರ ಹೆಚ್ಚುತ್ತದೆ, ಯಂತ್ರ ಹೆಚ್ಚಿದರೆ ತಂತಿ ಬಿಸಿಯಾಗುತ್ತದೆ, ತಂತಿ ಸುಟ್ಟರೆ ಮೆಟ್ಟಿಲು ಸಾಲದಾಗುತ್ತದೆ. ಬೆಂಕಿ ಈ ಎಲ್ಲವನ್ನೂ ಒಂದೇ ಸರಪಳಿಯಾಗಿ ಹಿಡಿದು ಬರುತ್ತದೆ, ತಪಾಸಣೆ ಮಾತ್ರ ತುಂಡು ತುಂಡಾಗಿ ನಡೆಯುತ್ತದೆ.

ಇನ್ನೊಂದು ಮೂಲಭೂತ ತಪ್ಪು, ಕಟ್ಟಡದ ಎತ್ತರವನ್ನೇ ಅಪಾಯದ ಅಳತೆಗೋಲು ಮಾಡಿಕೊಂಡಿರುವುದು. ನಮ್ಮ ನಿಯಮಗಳಲ್ಲಿ ನಿರಾಕ್ಷೇಪಣಾ ಪತ್ರ ಬೇಕೋ ಬೇಡವೋ ಎಂಬುದು ಬಹಳ ಸಲ ಕಟ್ಟಡ ಎಷ್ಟು ಮೀಟರ್ ಎಂಬುದರ ಮೇಲೆ ನಿಂತಿರುತ್ತದೆ. ಹದಿನೈದು ಮಹಡಿಯ ಕಚೇರಿಗೆ ಈ ಲೆಕ್ಕ ಸರಿ. ಆದರೆ 2024ರ ಮೇ 25ರ ರಾತ್ರಿ ದೆಹಲಿಯ ವಿವೇಕ್ ವಿಹಾರದಲ್ಲಿ ಹಸುಗೂಸುಗಳು ಸತ್ತ ಆಸ್ಪತ್ರೆ ಗಗನಚುಂಬಿಯಾಗಿರಲಿಲ್ಲ, ಬೀದಿಯ ಬೇರೆ ಮನೆಗಳ ಸಾಲಿನಲ್ಲಿದ್ದ ಸಣ್ಣ ಕಟ್ಟಡ. ಐದು ಹಾಸಿಗೆಗಳಿಗೆ ಪಡೆದಿದ್ದ ಪರವಾನಗಿಯ ಅವಧಿ ಮಾರ್ಚ್‌ನಲ್ಲೇ ಮುಗಿದಿತ್ತು; ಒಳಗಿದ್ದ ಕೂಸುಗಳು ಹನ್ನೆರಡು. ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ ಇರಲಿಲ್ಲ. ಆಮ್ಲಜನಕದ ಸಿಲಿಂಡರ್‌ಗಳು ಸಿಡಿದವು. ಎರಡು ಮಹಡಿಯ ಮನೆಯಲ್ಲಿ ಹನ್ನೆರಡು ಹಸುಗೂಸುಗಳಿದ್ದರೆ ಅದು ಇಪ್ಪತ್ತು ಮಹಡಿಯ ಕಚೇರಿಗಿಂತ ಹೆಚ್ಚು ಅಪಾಯದ ಜಾಗ. ಒಳಗಿರುವವರು ಎಷ್ಟು ಅಸಹಾಯಕರು ಎಂಬುದೇ ಅಳತೆಯಾಗಬೇಕು. ಒಂದೇ ಹಾಸಿಗೆಯಿದ್ದರೂ, ರಾತ್ರಿ ರೋಗಿಯನ್ನು ಮಲಗಿಸಿಕೊಳ್ಳುವ ಯಾವುದೇ ಕಟ್ಟಡ ಎತ್ತರದ ಕಾರಣಕ್ಕೆ ತಪಾಸಣೆಯಿಂದ ಹೊರಗುಳಿಯಬಾರದು.

ಪತ್ರ ಇದ್ದಲ್ಲಾದರೂ ನಿಶ್ಚಿಂತೆಯೇ? ಇಲ್ಲ. ನಿರಾಕ್ಷೇಪಣಾ ಪತ್ರ ಒಂದು ದಿನದ ಚಿತ್ರ. ಕಟ್ಟಡ ಖಾಲಿಯಿದ್ದಾಗ, ಬಣ್ಣ ಇನ್ನೂ ಹಸಿಯಿದ್ದಾಗ, ಪಡಸಾಲೆಯಲ್ಲಿ ಒಂದೂ ಕುರ್ಚಿಯಿಲ್ಲದಾಗ ತೆಗೆದ ಚಿತ್ರ. ಆಸ್ಪತ್ರೆ ಮರುದಿನದಿಂದಲೇ ಬದಲಾಗುತ್ತದೆ. ಮೆಟ್ಟಿಲ ಕೆಳಗೆ ಹಳೆಯ ಮಂಚಗಳು ಸೇರುತ್ತವೆ. ತಾನಾಗಿ ಮುಚ್ಚಿಕೊಳ್ಳಬೇಕಾದ ಬಾಗಿಲಿಗೆ ಓಡಾಟ ಸಲೀಸಾಗಲೆಂದು ಇಟ್ಟಿಗೆ ಒತ್ತರಿಸುತ್ತಾರೆ. ಹೊಗೆ ಪತ್ತೆ ಮಾಡುವ ಯಂತ್ರ ಸುಮ್ಮಸುಮ್ಮನೆ ಕೂಗುತ್ತದೆಂದು ತಂತಿ ಬಿಚ್ಚುತ್ತಾರೆ. 2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ನವಜಾತ ಶಿಶು ಘಟಕದಲ್ಲಿ ಬೆಂಕಿ ಹತ್ತಿದಾಗ ಆ ಘಟಕದ ಸಾಮರ್ಥ್ಯ 18, ಒಳಗಿದ್ದ ಕೂಸುಗಳು 49. ಆ ರಾತ್ರಿಯೇ ಹತ್ತು ಸತ್ತವು, ಮುಂದಿನ ದಿನಗಳಲ್ಲಿ ಇನ್ನೂ ಕೆಲವು. ಹೆಚ್ಚುವರಿ ಕೂಸುಗಳನ್ನು ಸೇರಿಸಿಕೊಂಡ ವೈದ್ಯರನ್ನು ನಾನು ದೂರಲಾರೆ. ಬಾಗಿಲಿಗೆ ಬಂದ ಉಸಿರಾಡದ ಕೂಸನ್ನು ಜಾಗವಿಲ್ಲವೆಂದು ಯಾರು ತಿರುಗಿಸಿ ಕಳುಹಿಸಿಯಾರು? ಆದರೆ 18 ಕೂಸಿನ ತಂತಿ, 18 ಕೂಸಿನ ಬಾಗಿಲು, 18 ಕೂಸಿನ ದಾದಿಯರನ್ನು ಇಟ್ಟುಕೊಂಡು 49 ಕೂಸುಗಳನ್ನು ನೋಡಿಕೊಳ್ಳಿ ಎಂದು ಬಿಟ್ಟ ವ್ಯವಸ್ಥೆಯನ್ನು ದೂರಲೇಬೇಕು. ಹಾಸಿಗೆಯ ಸಂಖ್ಯೆ ಬದಲಾದ ದಿನವೇ ವಿದ್ಯುತ್ ಹೊರೆಯ ಲೆಕ್ಕವೂ ಬದಲಾಗಬೇಕೆಂಬ ಕಟ್ಟುಪಾಡು ಇದ್ದಿದ್ದರೆ ಆ ಘಟಕ ಬೇರೆ ಥರ ಇರುತ್ತಿತ್ತು.

ಕೋವಿಡ್ ಕಾಲದಲ್ಲಿ ಸುಪ್ರೀಂ ಕೋರ್ಟ್ ಈ ವಿಷಯಕ್ಕೆ ಕೈ ಹಾಕಿತು. 2020ರ ಆಗಸ್ಟ್ 6ರಂದು ಅಹಮದಾಬಾದಿನ ಆಸ್ಪತ್ರೆಯೊಂದರ ಐಸಿಯುನಲ್ಲಿ 8 ಕೋವಿಡ್ ರೋಗಿಗಳು ಸತ್ತಿದ್ದರು. ನವೆಂಬರ್ 27ರಂದು ರಾಜ್‌ಕೋಟ್‌ನಲ್ಲಿ ಮತ್ತೆ ಅಂಥದ್ದೇ ಆಯಿತು. ಡಿಸೆಂಬರ್ 18ರ ಆದೇಶದಲ್ಲಿ ನ್ಯಾಯಾಲಯ, ಪ್ರತಿ ಕೋವಿಡ್ ಆಸ್ಪತ್ರೆಗೂ ಅಗ್ನಿ ಸುರಕ್ಷತೆಗೆ ಹೊಣೆಯಾದ ಒಬ್ಬ ಅಧಿಕಾರಿ ಇರಬೇಕು, ಪ್ರತಿ ಜಿಲ್ಲೆಯ ಸಮಿತಿ ತಿಂಗಳಿಗೊಮ್ಮೆಯಾದರೂ ಆಸ್ಪತ್ರೆಗಳನ್ನು ಪರಿಶೀಲಿಸಬೇಕು ಎಂದಿತು. ಒಳ್ಳೆಯ ಆದೇಶ. ಅದರ ನಂತರದ ಲೆಕ್ಕ ಹೀಗಿದೆ: 2021ರ ಏಪ್ರಿಲ್ 23ರಂದು ವಿರಾರ್‌ನಲ್ಲಿ ಕನಿಷ್ಠ 13 ಜನ, ಮೇ 1ರಂದು ಭರೂಚ್‌ನಲ್ಲಿ 16 ರೋಗಿಗಳು ಮತ್ತು ಇಬ್ಬರು ನರ್ಸ್‌ಗಳು, ನವೆಂಬರ್ 6ರಂದು ಅಹ್ಮದ್‌ನಗರದ ಸರ್ಕಾರಿ ಆಸ್ಪತ್ರೆಯಲ್ಲಿ 11 ರೋಗಿಗಳು. ಅದೇ ವರ್ಷದ ಜುಲೈನಲ್ಲಿ ಗುಜರಾತ್ ಸರ್ಕಾರ ಕಟ್ಟಡ ನಿಯಮ ಮೀರಿದ ಆಸ್ಪತ್ರೆಗಳಿಗೆ ಸರಿಪಡಿಸಿಕೊಳ್ಳಲು ಮುಂದಿನ ಜೂನ್‌ವರೆಗೆ ಗಡುವು ವಿಸ್ತರಿಸಿದಾಗ ನ್ಯಾಯಾಲಯ ಕಟುವಾಗಿ ಆಕ್ಷೇಪಿಸಿತು. ಅಲ್ಲಿಯವರೆಗೆ ಜನ ಸಾಯುತ್ತಲೇ ಇರಬೇಕೆ ಎಂಬುದು ಅದರ ಪ್ರಶ್ನೆಯ ಸಾರ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಅಭ್ಯಾಸ ನಮ್ಮಲ್ಲಿ ಹಳೆಯದು. ಇಲ್ಲಿ ಆ ಬಾಗಿಲನ್ನೂ ಪೂರ್ತಿ ಹಾಕುತ್ತಿಲ್ಲ.

ಇದಕ್ಕೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ, ಅವುಗಳಲ್ಲಿ ಸತ್ಯವಿದೆ. ಮೊದಲನೆಯದು ಸಣ್ಣ ಆಸ್ಪತ್ರೆಗಳದು. ತಾಲ್ಲೂಕು ಕೇಂದ್ರದಲ್ಲಿ ದಂಪತಿ ವೈದ್ಯರು ಹಳೆಯ ಮನೆಯನ್ನೇ ಹದಿನೈದು ಹಾಸಿಗೆಯ ನರ್ಸಿಂಗ್ ಹೋಮ್ ಮಾಡಿಕೊಂಡಿರುತ್ತಾರೆ. ಅಲ್ಲಿ 2 ಮೀಟರ್ ಮೆಟ್ಟಿಲು ಕಟ್ಟಿ, ಮಾಳಿಗೆಯ ಮೇಲೆ ದೊಡ್ಡ ನೀರಿನ ಟ್ಯಾಂಕ್ ಕೂರಿಸಿ, ಎಲ್ಲ ಕೋಣೆಗೆ ಸ್ಪ್ರಿಂಕ್ಲರ್ ಎಳೆಯಿರಿ ಎಂದರೆ ಅವರು ಬಾಗಿಲು ಮುಚ್ಚುತ್ತಾರೆ. ಮರುದಿನದಿಂದ ಬಸುರಿಯರು ಐವತ್ತು ಕಿಲೋಮೀಟರ್ ದೂರದ ಜಿಲ್ಲಾಸ್ಪತ್ರೆಗೆ ಹೋಗಬೇಕು. ಈ ಮಾತಿಗೆ ತೂಕವಿದೆ. ಆದರೆ ಸುರಕ್ಷತೆಯ ಎಲ್ಲ ಭಾಗಕ್ಕೂ ಒಂದೇ ಬೆಲೆಯಿಲ್ಲ ಎಂಬುದನ್ನೂ ನೋಡಬೇಕು. ನೆಲಮಾಳಿಗೆ ಖಾಲಿ ಮಾಡುವುದಕ್ಕೆ, ಪಡಸಾಲೆಯ ಸಾಮಾನು ತೆಗೆಯುವುದಕ್ಕೆ, ಬೀಗ ತೆಗೆಯುವುದಕ್ಕೆ ದುಡ್ಡು ಬೇಕಿಲ್ಲ. ಸಿಲಿಂಡರ್‌ಗಳನ್ನು ಸರಪಳಿ ಕಟ್ಟಿ ಬೇರೆ ಕೋಣೆಯಲ್ಲಿಡುವುದಕ್ಕೆ, ಆಮ್ಲಜನಕದ ಮುಖ್ಯ ವಾಲ್ವ್ ಎಲ್ಲಿದೆಯೆಂದು ಪ್ರತಿ ಸಿಬ್ಬಂದಿಗೂ ತೋರಿಸುವುದಕ್ಕೆ ಅರ್ಧ ದಿನ ಸಾಕು. ಹೊಗೆ ಪತ್ತೆ ಯಂತ್ರ, ಹೊರೆ ಮೀರಿದಾಗ ವಿದ್ಯುತ್ ಕಡಿಯುವ ಒಳ್ಳೆಯ ಎಂಸಿಬಿ, ಹಿತ್ತಲಿಗಿಳಿಯುವ ಒಂದು ಕಬ್ಬಿಣದ ಮೆಟ್ಟಿಲಿಗೆ ಹಣ ಬೇಕು, ಆದರೆ ಅದು ಆಸ್ಪತ್ರೆ ಮುಚ್ಚಿಸುವಷ್ಟಲ್ಲ. ಅದಕ್ಕೂ ಮೇಲಿನ ದೊಡ್ಡ ಖರ್ಚಿಗೆ ಗಡುವು ಕೊಡಲಿ, ಸಾಲ ಕೊಡಲಿ. ಆದರೆ ಹೊರದಾರಿಯೇ ಒಂದಿರುವ ಮಹಡಿಯಲ್ಲಿ ಐಸಿಯು ನಡೆಸಲು ಯಾವ ಗಡುವೂ ಸಲ್ಲದು. ಅಂಥ ಆಸ್ಪತ್ರೆ ಗಂಭೀರ ರೋಗಿಗಳನ್ನು ನೆಲ ಅಂತಸ್ತಿಗೆ ತರಲಿ, ಇಲ್ಲವೇ ಬೇರೆಡೆಗೆ ಕಳುಹಿಸಲಿ. ಬಡವರ ಆಸ್ಪತ್ರೆ ಎಂಬ ಕಾರಣಕ್ಕೆ ಬಡವರು ಹೊಗೆ ಕುಡಿಯಬೇಕು ಎಂಬ ವಾದವನ್ನು ಒಪ್ಪಲಾಗದು.

ಎರಡನೇ ಆಕ್ಷೇಪ ಬೀಗದ್ದು, ಮತ್ತು ಇದು ಆಸ್ಪತ್ರೆಯೊಳಗೆ ದುಡಿಯುವವರ ನಿಜವಾದ ಇಕ್ಕಟ್ಟು. ಎರಡನೇ ಬಾಗಿಲು ತೆರೆದಿಟ್ಟರೆ ಹಸುಗೂಸು ಕಳುವಾದೀತು, ಬಿಲ್ ಕಟ್ಟದೆ ರೋಗಿ ಹೊರಟಾನು, ಭೇಟಿಯ ವೇಳೆ ಮೀರಿ ಬಂಧುಗಳು ನುಗ್ಗಿಯಾರು, ಮನೋರೋಗಿ ತಪ್ಪಿಸಿಕೊಂಡಾನು. ಇವು ಸುಳ್ಳು ಭಯಗಳಲ್ಲ. ಆದರೆ ಬೀಗದ ಲೆಕ್ಕ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ತಮಿಳುನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರ ನಸುಕಿನಲ್ಲಿ ಮನೋರೋಗಿಗಳನ್ನಿಟ್ಟಿದ್ದ ಗುಡಿಸಲಿಗೆ ಬೆಂಕಿ ಬಿದ್ದಾಗ ಅವರ ಕಾಲಿಗೆ ಸರಪಳಿಯಿತ್ತು. ಒಟ್ಟು 28 ಜನ ಸತ್ತರು. ಆಸ್ಪತ್ರೆಯಲ್ಲದಿದ್ದರೂ ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಇಲ್ಲಿ ನೆನಪಾಗಬೇಕು. 2010ರ ಫೆಬ್ರವರಿ 23ರಂದು ವಿದ್ಯುತ್ ತಂತಿಗಳ ಕೊಳವೆಯಿಂದ ಎದ್ದ ಹೊಗೆ ಕಟ್ಟಡ ತುಂಬಿದಾಗ ಹೊರದಾರಿಗಳಿಗೆ ಬೀಗವಿತ್ತು. ಹೊಗೆ ತಾಳಲಾರದೆ ಕೆಲವರು ಕಿಟಕಿಯಿಂದ ಹಾರಿದರು, 9 ಜನ ಸತ್ತರು. ಕಳ್ಳತನದ ಭಯಕ್ಕೆ ಬೀಗವೇ ಮದ್ದು ಎಂದೇನಿಲ್ಲ. ಒಳಗಿನಿಂದ ಎದೆಮಟ್ಟದ ಅಡ್ಡಪಟ್ಟಿ ಒತ್ತಿದರೆ ತೆರೆದುಕೊಳ್ಳುವ, ಹೊರಗಿನಿಂದ ತೆರೆಯಲಾಗದ, ತೆರೆದೊಡನೆ ಗಂಟೆ ಬಾರಿಸುವ ಬಾಗಿಲು ಮಾರುಕಟ್ಟೆಯಲ್ಲಿದೆ. ಬೆಂಕಿಯ ಗಂಟೆ ಮೊಳಗಿದೊಡನೆ ತಾನಾಗಿ ಬಿಚ್ಚಿಕೊಳ್ಳುವ ವಿದ್ಯುತ್ ಬೀಗವೂ ಇದೆ. ಎರಡು ಭಯಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅಗತ್ಯವೇ ಇಲ್ಲ.

ಮೂರನೆಯ ಆಕ್ಷೇಪ ಎಲ್ಲರೂ ಬಲ್ಲದ್ದು, ಬಹಿರಂಗವಾಗಿ ಹೇಳದಿರುವುದು. ತಪಾಸಣೆ ಹೆಚ್ಚಿಸಿದರೆ ಲಂಚ ಹೆಚ್ಚುತ್ತದೆ. ಅಧಿಕಾರಿ ಬರುತ್ತಾರೆ, ಲಕೋಟೆ ಪಡೆಯುತ್ತಾರೆ, ಸಹಿ ಹಾಕಿ ಹೋಗುತ್ತಾರೆ ಎಂಬ ಮಾತು. ತಪಾಸಣೆ ಮುಚ್ಚಿದ ಕೋಣೆಯಲ್ಲಿ ಇಬ್ಬರ ನಡುವೆ ನಡೆದರೆ ಹಾಗೆಯೇ ಆಗುತ್ತದೆ. ಹಾಗೆಂದು ತಪಾಸಣೆಯನ್ನೇ ಕಡಿಮೆ ಮಾಡುವುದು ಮದ್ದಲ್ಲ, ಕೋಣೆಯ ಬಾಗಿಲು ತೆರೆಯುವುದು ಮದ್ದು. ವರದಿಯ ಕನ್ನಡ ಪ್ರತಿಯನ್ನು ಆಸ್ಪತ್ರೆಯ ಹೊರರೋಗಿ ವಿಭಾಗದ ಗೋಡೆಗೆ ಅಂಟಿಸಬೇಕು. ಯಾವ ದಿನ ಬಂದರು, ಯಾವ ಕೊರತೆ ಕಂಡರು, ಯಾವ ದಿನದೊಳಗೆ ಸರಿಪಡಿಸಬೇಕು, ಮತ್ತೆ ಬಂದು ನೋಡಿದವರು ಯಾರು, ಎಲ್ಲವೂ ಅದರಲ್ಲಿರಲಿ. ಹೋಟೆಲಿನ ಗೋಡೆಗೆ ದರಪಟ್ಟಿ ಹಾಕಬಹುದಾದರೆ ಆಸ್ಪತ್ರೆಯ ಗೋಡೆಗೆ ಇದನ್ನು ಹಾಕಬಹುದು. ಢಾಕುರಿಯಾದ ನೆಲಮಾಳಿಗೆಯ ಕೊರತೆ ಕಡತದಲ್ಲಿ ಉಳಿಯದೆ ಆಸ್ಪತ್ರೆಯ ಪ್ರವೇಶದ್ವಾರದಲ್ಲಿ ದೊಡ್ಡ ಅಕ್ಷರದಲ್ಲಿದ್ದಿದ್ದರೆ ಅಷ್ಟು ತಿಂಗಳು ಅದು ಹಾಗೆಯೇ ಇರುತ್ತಿತ್ತೆಂದು ನಾನು ನಂಬುವುದಿಲ್ಲ.

ತಪಾಸಣೆ ಹೇಗಿರಬೇಕೆಂಬುದೂ ಬದಲಾಗಬೇಕು. ಮೇಲೆ ಹೇಳಿದ ಅನಾಹುತಗಳಲ್ಲಿ ಎಷ್ಟೊಂದು ರಾತ್ರಿ, ನಸುಕಿನಲ್ಲಿ ಆದವು ನೋಡಿ. ತಪಾಸಣೆ ಮಾತ್ರ ಹಗಲು, ಮೊದಲೇ ತಿಳಿಸಿ, ವೈದ್ಯಾಧೀಕ್ಷಕರ ಕೋಣೆಯಲ್ಲಿ ಕಾಫಿಯೊಂದಿಗೆ ಶುರುವಾಗುತ್ತದೆ. ರಾತ್ರಿ ಎರಡು ಗಂಟೆಗೆ, ಹೇಳದೆ ಕೇಳದೆ ಹೋಗಿ ಆ ಪಾಳಿಯ ನರ್ಸ್ ಒಬ್ಬರನ್ನು ಕೇಳಬೇಕು: ಅಮ್ಮಾ, ಈಗ ಇಲ್ಲಿ ಹೊಗೆ ಬಂದರೆ ಮೊದಲು ಏನು ಮಾಡುತ್ತೀರಿ, ಆಮ್ಲಜನಕ ನಿಲ್ಲಿಸುವ ವಾಲ್ವ್ ಎಲ್ಲಿದೆ, ಈ ರೋಗಿಯನ್ನು ಯಾವ ದಾರಿಯಲ್ಲಿ ತಳ್ಳಿಕೊಂಡು ಹೋಗುತ್ತೀರಿ, ಜೊತೆಗೆ ಯಾರಿದ್ದಾರೆ? ಆಕೆಯ ಉತ್ತರವೇ ಆ ಆಸ್ಪತ್ರೆಯ ನಿಜವಾದ ಪ್ರಮಾಣಪತ್ರ. ಅಮೆರಿಕದ ಸಂಹಿತೆ ಪ್ರತಿ ಪಾಳಿಯವರಿಗೂ ಮೂರು ತಿಂಗಳಿಗೊಮ್ಮೆ ಅಣಕು ಕಾರ್ಯಾಚರಣೆ ಕಡ್ಡಾಯ ಮಾಡಿರುವುದರ ಹಿಂದೆ ಇರುವುದು ಇದೇ ತಿಳಿವಳಿಕೆ. ಹಗಲಿನವರು ಕಲಿತರೆ ರಾತ್ರಿಯವರಿಗೆ ಬರುವುದಿಲ್ಲ. ಅಲ್ಲಿ ಸರ್ಕಾರಿ ವಿಮೆಯ ಹಣ ಪಡೆಯುವ ಆಸ್ಪತ್ರೆ ಸಂಹಿತೆ ಪಾಲಿಸಲೇಬೇಕು, ಇಲ್ಲದಿದ್ದರೆ ಹಣ ನಿಂತೀತು. ಆ ಹಿಡಿತ ನಮಗೂ ಇದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ರೋಗಿಗಳ ಚಿಕಿತ್ಸೆಗೆ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ಹಣ ಕೊಡುತ್ತದೆ. ಅಗ್ನಿ ಸುರಕ್ಷತೆಯ ಕೊರತೆ ಸರಿಪಡಿಸದ ಆಸ್ಪತ್ರೆಗೆ ಹೊಸ ರೋಗಿಯನ್ನು ಕಳುಹಿಸುವುದಿಲ್ಲ ಎಂದು ಸರ್ಕಾರ ಹೇಳಿದರೆ ಹತ್ತು ನೋಟಿಸುಗಳು ಮಾಡದ ಕೆಲಸ ಆದೀತು. ಹಾಗೆ ಹೇಳುವ ಮೊದಲು ಸರ್ಕಾರ ತನ್ನ ಜಿಲ್ಲಾಸ್ಪತ್ರೆಗಳ ವರದಿಗಳನ್ನೂ ಗೋಡೆಗೆ ಅಂಟಿಸಬೇಕು. ಭಂಡಾರ, ಅಹ್ಮದ್‌ನಗರ, ಝಾನ್ಸಿ ಮೂರೂ ಸರ್ಕಾರಿ ಆಸ್ಪತ್ರೆಗಳೇ.

ಇಷ್ಟೆಲ್ಲ ಆದರೂ ಅಧಿಕಾರಿ ಆಸ್ಪತ್ರೆಗೆ ಬರುವುದು ವರ್ಷಕ್ಕೆ ಒಂದೋ ಎರಡೋ ದಿನ. ನಾವು ಪ್ರತಿದಿನ ಹೋಗುತ್ತೇವೆ, ಸಾವಿರಾರು ಜನ, ಬುತ್ತಿ ಹಿಡಿದುಕೊಂಡು, ಹಣ್ಣು ಹಿಡಿದುಕೊಂಡು. ಮುಂದಿನ ಸಲ ಹೋದಾಗ ನಿಮ್ಮವರು ಮಲಗಿರುವ ಮಹಡಿಯಲ್ಲಿ ಎರಡನೇ ಹೊರದಾರಿ ಎಲ್ಲಿದೆಯೆಂದು ಹುಡುಕಿ, ಅಲ್ಲಿಯವರೆಗೆ ನಡೆದು ಹೋಗಿ. ಬಾಗಿಲಿಗೆ ಬೀಗವಿದ್ದರೆ, ಮೆಟ್ಟಿಲ ಮೇಲೆ ಸಾಮಾನಿದ್ದರೆ ಮೊದಲು ವಾರ್ಡಿನ ನರ್ಸ್‌ಗೆ ತಿಳಿಸಿ, ಆಮೇಲೆ ಆಡಳಿತ ಕಚೇರಿಗೆ ಹೋಗಿ ಬರೆದುಕೊಡಿ. ಮರುದಿನವೂ ಹಾಗೆಯೇ ಇದ್ದರೆ ಒಂದು ಫೋಟೊ ಸಮೇತ ಹತ್ತಿರದ ಅಗ್ನಿಶಾಮಕ ಠಾಣೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನಿಮ್ಮವರು ಗುಣವಾಗಿ ಮನೆಗೆ ಬಂದ ಮೇಲೂ ಆ ಹಾಸಿಗೆಯಲ್ಲಿ ಇನ್ನೊಬ್ಬರು ಮಲಗಿರುತ್ತಾರೆ.